ಅಜ್ಜನ ಟ್ರಂಕಿನ ಪದಕ: ಅಂಚಿನಲ್ಲಿರುವ ಆ ನಂಬರ್ ಯಾರದ್ದು?

ಬೆಂಗಳೂರಿನ ಓದುಗರೊಬ್ಬರು ಒಂದು ಪದಕದ ಫೋಟೋ ಜೊತೆ ಕೇಳಿರುವ ಪ್ರಶ್ನೆ ಇದು. ಅವರ ಪತ್ರವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಸೈನಿಕನ ಹೆಸರನ್ನೂ ನಂಬರಿನ ಕೊನೆಯ ಎರಡು ಅಂಕಿಗಳನ್ನೂ ತೆಗೆದಿದ್ದೇನೆ.

"ನಮಸ್ಕಾರ ಸರ್. ನಮ್ಮ ತಾಯಿಯ ತಂದೆ ದಂಡಿನ ಕಡೆ ಒಂದು ಮೋಟಾರ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಈಚೆಗೆ ಅವರ ಟ್ರಂಕ್ ತೆಗೆದಾಗ, ಹಳೆ ಪಂಚೆ ಚೂರಿನಲ್ಲಿ ಸುತ್ತಿಟ್ಟಿದ್ದ ಒಂದು ಬೆಳ್ಳಿ ಪದಕ ಸಿಕ್ಕಿತು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬೆತ್ತಲೆ ಮನುಷ್ಯ, 1914, 1918 ಅಂತ ಇದೆ. ಅಂಚಿನಲ್ಲಿ ಎಂ2-1348.., ಪಿಟಿಇ, ಒಂದು ಇಂಗ್ಲಿಷ್ ಹೆಸರು, ಆಮೇಲೆ ಎ.ಎಸ್.ಸಿ. 'ನಮ್ಮ ದೊರೆ ಕೊಟ್ಟಿದ್ದು' ಅಂತ ಅಜ್ಜ ಹೇಳುತ್ತಿದ್ದರಂತೆ. ಎಂ2 ಅಂದರೆ ಎರಡನೇ ರೆಜಿಮೆಂಟು, ಅದರಲ್ಲಿ ಇವನು 1,34,000 ಚಿಲ್ಲರೆಯವನು ಅಂತ ನಮ್ಮ ಮಾವ ಹೇಳುತ್ತಾರೆ. ಆ ಸಂಖ್ಯೆ ಹಾಕಿ ಹುಡುಕಿದರೆ ಬೇರೆ ದಳದ, ಬೇರೆ ಹೆಸರಿನವನು ಬರುತ್ತಾನೆ. ಒಬ್ಬ ಹಳೆ ನಾಣ್ಯದ ವ್ಯಾಪಾರಿಗೆ ತೋರಿಸಿದೆ. 'ನಂಬರ್ ಡುಪ್ಲಿಕೇಟ್, ಇದು ನಕಲಿ, ಬೆಳ್ಳಿ ತೂಕಕ್ಕೆ ಬೇಕಾದರೆ ಕೊಡಿ' ಅಂದರು. ಅವನು ಡ್ರೈವರ್ ಆಗಿದ್ದರೆ ಪಿಟಿಇ ಅಂತ ಯಾಕಿದೆ? ಸತ್ತವನ ಪದಕ ಮನೆಯಲ್ಲಿ ಇಟ್ಟುಕೊಂಡಿದ್ದೀವಾ ಅಂತ ಅಮ್ಮನಿಗೆ ಕಳವಳ. ಏನು ಮಾಡಲಿ?"

ಮೊದಲು ಒಂದು ಮಾತು. ದಯವಿಟ್ಟು ತೂಕಕ್ಕೆ ಕೊಡಬೇಡಿ. 1980ರ ಆಸುಪಾಸಿನಲ್ಲಿ ಬೆಳ್ಳಿ ಬೆಲೆ ಏರಿದಾಗ ಇಂಥ ಪದಕಗಳು ಲೆಕ್ಕವಿಲ್ಲದಷ್ಟು ಕರಗಿಹೋದವು. ಒಂದು ಪದಕ ಕರಗಿದರೆ ಅದರ ಅಂಚಿನಲ್ಲಿದ್ದ ಒಂದು ಹೆಸರೂ ಕರಗಿದ ಹಾಗೆ. ನನಗೆ ಅದು ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಈಗ ನಿಮ್ಮ ಚಿಂತೆಗೆ ಬರೋಣ. ನಂಬರ್ ಇನ್ನೊಬ್ಬನ ಹೆಸರಲ್ಲೂ ಇದೆ ಅನ್ನುವುದು ನಿಮ್ಮ ಮುಖ್ಯ ಅನುಮಾನ, ಅಲ್ವಾ? ಅದು ಡುಪ್ಲಿಕೇಟ್ ಅಲ್ಲವೇ ಅಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆಲ್ಲ ಒಂದೇ ನಂಬರ್ ಪುಸ್ತಕ ಇರಲಿಲ್ಲ. ಪ್ರತಿ ರೆಜಿಮೆಂಟು, ಪ್ರತಿ ಕೋರ್ ತನ್ನದೇ ಪುಸ್ತಕ ಇಟ್ಟುಕೊಂಡು ತನ್ನದೇ ಲೆಕ್ಕದಲ್ಲಿ ನಂಬರ್ ಕೊಡುತ್ತಿತ್ತು. ನಮ್ಮ ಪಹಣಿ ನೆನಪು ಮಾಡಿಕೊಳ್ಳಿ. ಸುಮ್ನೆ "ಸರ್ವೆ ನಂಬರ್ 45" ಅಂದರೆ ಜಮೀನು ಸಿಗುತ್ತದಾ? ಯಾವ ಗ್ರಾಮ, ಯಾವ ಹೋಬಳಿ ಅಂತ ಹೇಳಲೇಬೇಕು. 45 ಎಲ್ಲ ಊರಲ್ಲೂ ಇರುತ್ತದೆ. ಹಾಗೆಯೇ 1348 ಅಂತ ಶುರುವಾಗುವ ಆರಂಕಿಯ ಅದೇ ಸಂಖ್ಯೆ ಫಿರಂಗಿ ದಳದಲ್ಲೊಬ್ಬನಿಗೆ, ಎಂಜಿನಿಯರ್ ದಳದಲ್ಲೊಬ್ಬನಿಗೆ, ಮೆಷಿನ್ ಗನ್ ಕೋರಿನಲ್ಲೊಬ್ಬನಿಗೆ ಇರಬಹುದು. ಎಲ್ಲರೂ ಅಸಲಿ. ಟೆರಿಟೋರಿಯಲ್ ಸೈನಿಕರ, ಅಂದರೆ ಬೇರೆ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಸೈನ್ಯದ ತರಬೇತಿ ಪಡೆಯುತ್ತಿದ್ದವರ ಕತೆ ಇನ್ನೂ ಗೋಜಲು. ಅಲ್ಲಿ ಒಂದೇ ರೆಜಿಮೆಂಟಿನ ಒಂದೊಂದು ಬೆಟಾಲಿಯನ್ನೂ ಬೇರೆ ಬೇರೆ ಲೆಕ್ಕ ಇಟ್ಟಿತ್ತು. ಕೊನೆಗೆ ಗುಮಾಸ್ತರಿಗೇ ತಲೆ ಕೆಟ್ಟು 1917ರ ಆರಂಭದಲ್ಲಿ ಅವರಿಗೆಲ್ಲ ಹೊಸದಾಗಿ ಆರಂಕಿ ನಂಬರ್ ಹಂಚಿದರು.

ನಿಮ್ಮ ಪದಕದ ಎ.ಎಸ್.ಸಿ. ಅಂದರೆ ಆರ್ಮಿ ಸರ್ವಿಸ್ ಕೋರ್. ಸೈನ್ಯಕ್ಕೆ ಅನ್ನ, ಹುಲ್ಲು, ಪೆಟ್ರೋಲು, ಮದ್ದುಗುಂಡು ಸಾಗಿಸಿದ ದಳ. ಯುದ್ಧ ಉಚ್ಛ್ರಾಯದಲ್ಲಿದ್ದಾಗ ಅದರಲ್ಲಿ 10,547 ಅಧಿಕಾರಿಗಳೂ 3,15,334 ಸೈನಿಕರೂ ಇದ್ದರು. "ರಾಯಲ್" ಅನ್ನುವ ಬಿರುದು ಬಂದದ್ದು 1918ರ ಕೊನೆಗೆ. ಇಷ್ಟು ಜನರಲ್ಲಿ ಒಬ್ಬ ಕುದುರೆ ಗಾಡಿ ಹೊಡೆಯುವವನು, ಒಬ್ಬ ಬ್ರೆಡ್ ಸುಡುವವನು, ಒಬ್ಬ ಲಾರಿ ಓಡಿಸುವವನು, ಒಬ್ಬ ಕುದುರೆ ಸಾಕುವವನು. ಡಿಪೋ ಬೇರೆ, ಕೆಲಸ ಬೇರೆ, ಸಂಬಳವೂ ಬೇರೆ. ಯುದ್ಧದ ಶುರುವಿನಲ್ಲಿ ಲಾರಿ ಓಡಿಸಲು ಬರುತ್ತಿದ್ದವರಿಗೆ ದಿನಕ್ಕೆ 6 ಶಿಲ್ಲಿಂಗ್ ಕೊಟ್ಟು ಸೇರಿಸಿಕೊಂಡರು, ಕಂದಕದಲ್ಲಿ ನಿಂತ ಕಾಲಾಳಿಗೆ 1 ಶಿಲ್ಲಿಂಗ್! ಇಂಥ ದಳದಲ್ಲಿ ಯಾರು ಯಾವ ಕಡೆಯವನು ಅಂತ ಕಾಗದ ನೋಡಿದ ಕೂಡಲೇ ತಿಳಿಯಬೇಕಿತ್ತು. ಅದಕ್ಕೇ ನಂಬರಿನ ಮುಂದೆ ಅಕ್ಷರ.

ಟಿ ಅಂದರೆ ಕುದುರೆ ಗಾಡಿಯ ಸಾಗಣೆ. ಎಸ್ ಅಂದರೆ ಸರಬರಾಜು, ಅಂದರೆ ಬ್ರೆಡ್, ಮಾಂಸ, ಉಗ್ರಾಣ. ಆರ್ ಅಂದರೆ ರಿಮೌಂಟ್, ಹೊಸ ಕುದುರೆಗಳನ್ನು ಪಳಗಿಸಿ ಕಳಿಸುವ ವಿಭಾಗ. ಎಂ ಅಂದರೆ ಮೆಕ್ಯಾನಿಕಲ್ ಟ್ರಾನ್ಸ್‌ಪೋರ್ಟ್, ಮೋಟಾರು ಸಾಗಣೆ. ಟಿಎಸ್, ಎಸ್‌ಎಸ್ ಅಂತ ಜೋಡಿ ಅಕ್ಷರ ಕಂಡರೆ ಅವರು ಕಸುಬು ಗೊತ್ತಿದ್ದು ಆ ಕೆಲಸಕ್ಕೆಂದೇ ಸೇರಿದವರು: ಜೀನು ಹೊಲಿಯುವವರು, ಗಾಡಿ ಚಕ್ರ ಮಾಡುವವರು, ಕಸಾಯಿಗಳು, ಹಡಗಿನ ಕಟ್ಟೆಯಲ್ಲಿ ಮೂಟೆ ಹೊರುವವರು. ಅಕ್ಷರದ ಪಕ್ಕದ ಅಂಕಿ ಬಂದದ್ದು ಆಗಿನ ಬ್ರಿಟಿಷ್ ಯುದ್ಧಮಂತ್ರಿ ಕಿಚನರ್ ಕಟ್ಟಿದ ಹೊಸ ಸೇನೆಯ ಭರ್ತಿಯಿಂದ. ಯುದ್ಧಕ್ಕೆ ಮುಂಚಿನ ಕಾಯಂ ಸೈನಿಕನಿಗೆ ಬರೀ ಎಂ ಇರುತ್ತಿತ್ತು. ಯುದ್ಧಕಾಲಕ್ಕಷ್ಟೇ ಸೇರಿದವನಿಗೆ ಎಂ2. ಇದು ಎರಡನೇ ರೆಜಿಮೆಂಟೂ ಅಲ್ಲ, ಎರಡನೇ ಬೆಟಾಲಿಯನ್ನೂ ಅಲ್ಲ. ಎಂ2 ಅನ್ನುವುದು ಎಷ್ಟು ಜನರಿಗೆ ಅಂಟಿಕೊಂಡಿತೆಂದರೆ, ಅದರಿಂದ "ಇವನು ಇಂಥ ಕಂಪನಿಯವನು" ಅಂತ ಹೇಳಲು ಬರುವುದಿಲ್ಲ. ಮೋಟಾರು ವಿಭಾಗದವನು, ಯುದ್ಧ ಶುರುವಾದ ಮೇಲೆ ಸೇರಿದವನು, ಅಷ್ಟು ಮಾತ್ರ ಖಾತ್ರಿ.

ಪಿಟಿಇ ಬಗ್ಗೆ ನಿಮ್ಮ ಅನುಮಾನ ಸಹಜ. ಪಿಟಿಇ ಅಂದರೆ ಪ್ರೈವೇಟ್, ಸಾಮಾನ್ಯ ಸಿಪಾಯಿ. ಆಗಿನ ಪದ್ಧತಿಯಲ್ಲಿ "ಡ್ರೈವರ್" ಅನ್ನುವ ದರ್ಜೆ ಕುದುರೆ ಹೊಡೆಯುವವನದ್ದು. ಲಾರಿ ಓಡಿಸುವವನ ದರ್ಜೆ ಪ್ರೈವೇಟ್. ನಮಗೆ ಉಲ್ಟಾ ಅನ್ನಿಸುತ್ತದೆ, ಆದರೆ ಎಂ2 ಪಕ್ಕ ಪಿಟಿಇ ಇರುವುದು ಸರಿಯಾಗಿಯೇ ಇದೆ. ಇನ್ನು ಅವನು ಲಾರಿಯನ್ನೇ ಓಡಿಸಿದ್ದ ಅಂತಲೂ ಹೇಳಲಾಗದು. ಫಿಟ್ಟರ್, ಟರ್ನರ್, ಕಮ್ಮಾರ, ಎಲೆಕ್ಟ್ರಿಷಿಯನ್ ಎಲ್ಲರೂ ಇದೇ ಎಂ2ನಲ್ಲಿದ್ದರು. ನಿಮ್ಮಜ್ಜ ಗ್ಯಾರೇಜಿನವರು ಅಂತ ಓದಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಆದರೆ ಅದನ್ನು ಇನ್ನೂ ಕತೆ ಮಾಡಬೇಡಿ, ಮೊದಲು ಕಾಗದ ಸಿಗಲಿ.

ಈಗ 1,34,000ದ ಲೆಕ್ಕ. ಅವನಿಗಿಂತ ಮುಂಚೆ ಅಷ್ಟು ಜನ ಸೇರಿದ್ದರು ಅಂತ ಅರ್ಥವೇ? ಇಲ್ಲ. ನಂಬರುಗಳನ್ನು ಗಂಟುಗಂಟಾಗಿ ಎತ್ತಿಟ್ಟು ಹಂಚುತ್ತಿದ್ದರು. ಒಂದು ಗಂಟು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತಿತ್ತು. ಯುದ್ಧಕಾಲದ ಈ ಸರಣಿಯ ಮೊದಲ ನಂಬರುಗಳು ಸೊನ್ನೆಯಿಂದಲೇ ಶುರುವಾಗುತ್ತವೆ, ಎಂ2-03 ಹೀಗೆ, ಟಿ4-09 ಹೀಗೆ. ಆ ಸೊನ್ನೆಗೆ ಬೆಲೆ ಇಲ್ಲ ಅಂದುಕೊಂಡು ಬಿಟ್ಟುಬಿಡುವವರು ಜಾಸ್ತಿ. ನಾನೂ ಒಮ್ಮೆ ಬಿಟ್ಟಿದ್ದೆ. ಟಿ4 ನಂಬರಿನ ಒಬ್ಬನನ್ನು ಹುಡುಕುವಾಗ ಸೊನ್ನೆ ಬಿಟ್ಟು ನೋಡಿ, ಅದೇ ಅಡ್ಡಹೆಸರಿನ, ಅದೇ ದಳದ ಇನ್ನೊಬ್ಬನ ಕಾಗದವನ್ನು ಒಂದು ಕುಟುಂಬಕ್ಕೆ ಕೊಟ್ಟೆ. ಆರು ತಿಂಗಳು ಅವರು ಯಾರದೋ ಗಾಯದ ವಿವರವನ್ನು ತಮ್ಮ ಮುತ್ತಜ್ಜನದೆಂದು ಓದಿಕೊಂಡಿದ್ದರು. ಗೊತ್ತಾದ ದಿನ ಫೋನು ಮಾಡಿ ಹೇಳುವುದು ಎಷ್ಟು ಕಷ್ಟವಾಯಿತು ಅಂದರೆ, ಅವತ್ತಿನಿಂದ ನಾನು ನಂಬರನ್ನು ಅಂಚಿನ ಮೇಲೆ ಇದ್ದ ಹಾಗೆಯೇ, ಅಕ್ಷರ, ಗೀಟು, ಸೊನ್ನೆ ಒಂದೂ ಬಿಡದೆ ಮೊದಲು ಕಾಗದಕ್ಕೆ ಇಳಿಸಿಕೊಂಡು ಆಮೇಲೆ ಮುಂದಿನ ಕೆಲಸ ಮಾಡುತ್ತೇನೆ. ನಿಮ್ಮದು ಒಂದರಿಂದ ಶುರುವಾಗುವುದರಿಂದ ಈ ತೊಂದರೆ ಇಲ್ಲ. ಅಂಚಿನ ಮೇಲೆ ಗೀಟು, ಕಡತದಲ್ಲಿ ಓರೆಗೆರೆ ಇರುತ್ತದೆ, ಅದು ವ್ಯತ್ಯಾಸವಲ್ಲ.

ಹಾಗಾದರೆ ನಂಬರಿನಿಂದ ಏನೂ ಸಿಗುವುದಿಲ್ಲವೇ? ಸಿಗುತ್ತದೆ, ತುಂಬಾ ಸಿಗುತ್ತದೆ. ಆದರೆ ಅದು ಅಕ್ಕಪಕ್ಕದವರಿಂದ ಸಿಗುತ್ತದೆ. ನಿಮ್ಮ ಸೈನಿಕನಿಗಿಂತ 40 ನಂಬರ್ ಹಿಂದಿನವನ ಕಡತ ಉಳಿದಿದೆ, 60 ನಂಬರ್ ಮುಂದಿನವನದ್ದೂ ಉಳಿದಿದೆ ಅಂದುಕೊಳ್ಳಿ. ಇಬ್ಬರೂ ಒಂದೇ ವಾರದಲ್ಲಿ ಡಿಪೋಗೆ ಬಂದಿದ್ದರೆ ನಿಮ್ಮವನೂ ಆ ವಾರದ ಆಸುಪಾಸಿನಲ್ಲೇ ಬಂದಿರುತ್ತಾನೆ. ನಾನು ಒಂದು ನಂಬರಿಗೆ ಕಮ್ಮಿ ಅಂದರೂ ಹತ್ತು ಹನ್ನೆರಡು ನೆರೆಯವರನ್ನು ನೋಡುತ್ತೇನೆ. ಇಬ್ಬರು ಮೂವರನ್ನು ನೋಡಿ ತೀರ್ಮಾನ ಮಾಡಿದರೆ, ಒಬ್ಬನು ಬೇರೆ ದಳದಿಂದ ಬಂದು ಖಾಲಿ ನಂಬರಿಗೆ ಕೂತವನಾಗಿದ್ದರೂ ಲೆಕ್ಕ ಹಾಳು.

ಇನ್ನೊಂದು ಎಡವುವ ಜಾಗ ಇದೆ. ಸಹಿ ಹಾಕಿದ ದಿನ ಬೇರೆ, ನಂಬರ್ ಸಿಕ್ಕಿದ ದಿನ ಬೇರೆ. 1915ರ ಕೊನೆಯ ತಿಂಗಳುಗಳಲ್ಲಿ ಲಾರ್ಡ್ ಡರ್ಬಿಯ ಯೋಜನೆ ಅಂತ ಒಂದು ನಡೆಯಿತು. ಗಂಡಸರು ಬಂದು ಪ್ರಮಾಣ ಮಾಡಿ, ಒಂದು ದಿನದ ಸಂಬಳ ತೆಗೆದುಕೊಂಡು, "ಕರೆದಾಗ ಬರುತ್ತೇವೆ" ಅಂತ ಮನೆಗೆ ಹೋಗುತ್ತಿದ್ದರು. ಕರೆ ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತಿತ್ತು. 1916ರ ಮಾರ್ಚ್ 2ರಿಂದ ಕಡ್ಡಾಯ ಸೇನಾ ಸೇವೆಯೂ ಜಾರಿಗೆ ಬಂತು. ದಳದ ನಂಬರ್ ಬೀಳುತ್ತಿದ್ದದ್ದು ಅವನು ನಿಜವಾಗಿ ಆ ದಳಕ್ಕೆ ಹಾಜರಾದಾಗ. ಹಾಗಾಗಿ ನೆರೆಯವರ ಕಡತದಲ್ಲಿ ಮೊದಲ ಪುಟದ ಪ್ರಮಾಣದ ತಾರೀಖನ್ನು ಬರೆದುಕೊಂಡರೆ ಸಾಲದು. ಒಳಗೆ ದಳಕ್ಕೆ ಸೇರಿಸಿದ ತಾರೀಖು ಇರುತ್ತದೆ, ಲಂಡನ್ನಿನ ಆಗ್ನೇಯಕ್ಕಿರುವ ಗ್ರೋವ್ ಪಾರ್ಕ್ ಡಿಪೋದ ಮುದ್ರೆ ಎಷ್ಟೋ ಎಂ2 ಕಡತಗಳಲ್ಲಿ ಕಾಣುತ್ತದೆ. ಆ ತಾರೀಖನ್ನು ಹಿಡಿಯಿರಿ.

ದಳ ಬದಲಾದರೆ ನಂಬರೂ ಬದಲು. ಇದನ್ನು ಮರೆತರೆ ಒಬ್ಬನೇ ಮನುಷ್ಯ ಮೂರು ಜನರಾಗಿಬಿಡುತ್ತಾನೆ. ನಿಮ್ಮ ಎಂ2ಗೆ ಹತ್ತಿರದ ಉದಾಹರಣೆ ಹೇಳುತ್ತೇನೆ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಫ್ಲೆರ್ ಹಳ್ಳಿಯ ಹತ್ತಿರ ಪ್ರಪಂಚದಲ್ಲೇ ಮೊದಲ ಸಲ ಟ್ಯಾಂಕುಗಳು ಯುದ್ಧಕ್ಕೆ ಇಳಿದವು. ಅದನ್ನು ಓಡಿಸಿದ ಡ್ರೈವರುಗಳು ಇದೇ ಆರ್ಮಿ ಸರ್ವಿಸ್ ಕೋರಿನ 711ನೇ ಕಂಪನಿಯವರು. ಇಂಥವನೊಬ್ಬ ಆಮೇಲೆ ಮೆಷಿನ್ ಗನ್ ಕೋರಿನ ಹೆವಿ ಬ್ರಾಂಚಿಗೆ ಸೇರಿದರೆ ಅಲ್ಲಿ ಎರಡನೇ ನಂಬರ್. 1917ರ ಜುಲೈನಲ್ಲಿ ಅದೇ ಟ್ಯಾಂಕ್ ಕೋರ್ ಆದಾಗ ಎರಡು ಲಕ್ಷದಿಂದ ಶುರುವಾಗುವ ಮೂರನೇ ನಂಬರ್. ಮನುಷ್ಯ ಅದೇ, ಕೂತ ಸೀಟೂ ಅದೇ! ಯುದ್ಧ ಮುಗಿದ ಮೇಲೂ ಸೇನೆಯಲ್ಲೇ ಉಳಿದಿದ್ದರೆ ನಾಲ್ಕನೆಯದು. 1920ರಲ್ಲಿ ಇಡೀ ಸೇನೆಗೆ ಒಂದೇ ಸರಣಿ ಮಾಡಿದರು, ದಳ ಬದಲಾದರೂ ನಂಬರ್ ಬದಲಾಗದ ಹಾಗೆ. ಆಗ ನಿಮ್ಮ ಪದಕದ ಈ ದಳಕ್ಕೇ 1ರಿಂದ 2,94,000ದವರೆಗಿನ ಮೊಟ್ಟಮೊದಲ ಗಂಟು ಸಿಕ್ಕಿತು, ಎಂಜಿನಿಯರುಗಳಿಗೆ 18,42,001ರಿಂದ ಮುಂದಿನದ್ದು. ಅಂದರೆ ನಿಮ್ಮ ದೊರೆ 1920ರ ನಂತರವೂ ಸೈನ್ಯದಲ್ಲಿದ್ದು ಭಾರತಕ್ಕೆ ಬಂದವನಾದರೆ, ಬೆಂಗಳೂರಿನ ಕಾಲದ ಅವನ ಕಾಗದಗಳಲ್ಲಿ ಈ ಎಂ2 ಇರುವುದೇ ಇಲ್ಲ. ಅದು ಹೊಂದುವುದಿಲ್ಲ ಅಂತ ತಳ್ಳಿಹಾಕಬೇಡಿ.

ನಿಮ್ಮ ತಾಯಿಯವರ ಕಳವಳಕ್ಕೆ ನೇರ ಉತ್ತರ: ಸತ್ತ, ಬದುಕಿದ, ಓಡಿಹೋದ, ಗಾಯಗೊಂಡ, ಯಾವುದರ ಗುರುತೂ ಈ ನಂಬರಿನಲ್ಲಿ ಇಲ್ಲ. ಸತ್ತವರ ಮನೆಗೆ ಕಂಚಿನ ದೊಡ್ಡ ಬಿಲ್ಲೆಯೊಂದನ್ನು ಬೇರೆಯಾಗಿ ಕಳಿಸುತ್ತಿದ್ದರು, ಅದರ ಮೇಲೆ ನಂಬರೂ ಇಲ್ಲ, ದರ್ಜೆಯೂ ಇಲ್ಲ, ಬರೀ ಹೆಸರು. ಆದರೆ ಪದಕ ಎಲ್ಲರಿಗೂ ಒಂದೇ. ಅವನು ಯುದ್ಧದಲ್ಲಿ ತೀರಿಕೊಂಡಿದ್ದನೇ ಅಂತ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಹೆಸರು ಮತ್ತು ನಂಬರ್ ಎರಡೂ ಹಾಕಿ ಹುಡುಕಿದರೆ ಗೊತ್ತಾಗುತ್ತದೆ, ದುಡ್ಡು ಬೇಡ. ದೊರೆಯೇ ಕೈಯಾರೆ ಕೊಟ್ಟಿದ್ದು ಅನ್ನುವ ಅಜ್ಜನ ಮಾತು ನಿಜವಾದರೆ ಅವನು ಅಲ್ಲಿ ಸಿಗಬಾರದು. ಅಜ್ಜನ ಮಾತಿಗೂ ಅದೇ ಮೊದಲ ಪರೀಕ್ಷೆ.

ನಕಲಿಯೇ ಅಂತ ನೋಡುವುದು ಹೇಗೆ? ನಂಬರ್ ಬಿಟ್ಟು ಲೋಹ ನೋಡಿ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಅಂಚಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಒಂದು ಭೂತಕನ್ನಡಿ ಸಾಕು. ಅಕ್ಷರಗಳು ಅಚ್ಚು ಒತ್ತಿ ಮಾಡಿದವು, ಹಾಗಾಗಿ ಪ್ರತಿ ಅಕ್ಷರದ ತಳ ಸಮನಾಗಿರುತ್ತದೆ. ಕೈಯಿಂದ ಕೊರೆದದ್ದಾದರೆ ಗೀರಿನ ತುದಿ ಚೂಪಾಗಿ ತೆಳುವಾಗುತ್ತಾ ಹೋಗುತ್ತದೆ. ಆಮೇಲೆ ಅಂಚಿನ ಮೇಲೆ ಉಗುರು ಆಡಿಸಿ. ಹಳೆ ಹೆಸರು ಉಜ್ಜಿ ತೆಗೆದು ಹೊಸದು ಹಾಕಿದ್ದರೆ ಆ ಜಾಗ ತುಸು ತಗ್ಗಿರುತ್ತದೆ. ಪದಕದ ಅಡ್ಡಳತೆ 36 ಮಿಲಿಮೀಟರ್. ಅಕ್ಕಸಾಲಿಗರ ಹತ್ತಿರ ಇರುವ ಅಳತೆ ಕಡ್ಡಿಯಿಂದ ನಾಲ್ಕು ಕಡೆ ಅಳೆಸಿ, ಒಂದು ಕಡೆ ಕಮ್ಮಿ ಬಂದರೆ ಅನುಮಾನಪಡಿ. ನೀವು ಕಳಿಸಿದ ಫೋಟೋದಲ್ಲಿ 3 ಮತ್ತು 4ರ ಮಧ್ಯೆ ಕಪ್ಪು ಕೊಳೆ ಒಂದೇ ಸಮನಾಗಿ ಕೂತಿದೆ, ಅಕ್ಷರಗಳ ಅಂತರವೂ ಸರಿಯಾಗಿದೆ. ನನಗೆ ಇದು ಅಸಲಿ ಅಂತಲೇ ಕಾಣುತ್ತದೆ. ಕೈಯಲ್ಲಿ ಹಿಡಿಯದೆ ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಸರಿಯಲ್ಲ.

ಆ ಕೊಳೆಯನ್ನು ಮಾತ್ರ ಮುಟ್ಟಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಬೆಳ್ಳಿ ಪಾಲಿಷ್ ಯಾವುದೂ ಬೇಡ. ದೇವರ ದೀಪ ಫಳಫಳ ಅನ್ನಬೇಕು, ನಿಜ. ಆದರೆ ಪದಕ ಉಜ್ಜಿದಷ್ಟೂ ಅಂಚಿನ ಅಕ್ಷರ ಸವೆಯುತ್ತದೆ. ಮೆತ್ತನೆ ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟೇ ಸಾಕು.

ಇನ್ನು ಮುಂದಿನ ದಾರಿಗಳು. ನನ್ನನ್ನು ಕೇಳಿದರೆ ಮೊದಲು ಅವನ ಪದಕ ಚೀಟಿಯನ್ನು ತರಿಸಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಇದೆ, ಆನ್‌ಲೈನಿನಲ್ಲೇ ಹುಡುಕಬಹುದು, ಪ್ರತಿಗೆ ಸ್ವಲ್ಪ ದುಡ್ಡು. ಅದರಲ್ಲಿ ದಳ, ದರ್ಜೆ, ನಂಬರ್ ಸಾಲುಸಾಲಾಗಿ ಇರುತ್ತವೆ. ದಳ ಬದಲಾಗಿದ್ದರೆ ಎರಡನೇ ನಂಬರೂ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ನಿಮ್ಮ ಮಟ್ಟಿಗೆ ಇನ್ನೊಂದು ಖಾನೆ ಮುಖ್ಯ. ಬೆಳ್ಳಿ ಪದಕದ ಜೊತೆಗೆ ವಿಕ್ಟರಿ ಮೆಡಲ್ ಅನ್ನುವ ಕಂಚಿನದ್ದೂ ಬಂದಿತ್ತೇ ಅಂತ ನೋಡಿ. ಯುದ್ಧರಂಗಕ್ಕೆ ಕಾಲಿಟ್ಟವರಿಗೆ ಎರಡೂ ಸಿಗುತ್ತಿತ್ತು. ಯುದ್ಧ ಮುಗಿಯುವ ತನಕ ಭಾರತದಲ್ಲೇ ಕಾವಲಿಗೆ ಇದ್ದ ಬ್ರಿಟಿಷ್ ಸೈನಿಕರಿಗೆ ಬೆಳ್ಳಿಯದ್ದೊಂದೇ. ಚೀಟಿಯಲ್ಲಿ ಎರಡೂ ಇದ್ದರೆ, ಟ್ರಂಕನ್ನು ಇನ್ನೊಮ್ಮೆ ಪೂರ್ತಿ ತೆಗೆದು ನೋಡಿ. ಅಂಚಿನಲ್ಲಿ ಅದೇ ನಂಬರಿರುವ ಕಂಚಿನ ಪದಕ ಎಲ್ಲೋ ಇರಬೇಕು.

ಪೂರ್ತಿ ಕಡತ ಸಿಗುತ್ತದೆ ಅಂತ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ಉಗ್ರಾಣದ ಮೇಲೆ ಜರ್ಮನ್ ಬಾಂಬು ಬಿದ್ದು, ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಉಳಿದವು ಅಂಚು ಕರಕಲಾಗಿ, ನೀರಲ್ಲಿ ನೆಂದು ಹಾಳೆಗೆ ಹಾಳೆ ಅಂಟಿಕೊಂಡಂಥವು. ಓದುವಾಗ ಎಷ್ಟೋ ಸಲ ಹೆಸರಿನ ಅರ್ಧ ಸುಟ್ಟಿರುತ್ತದೆ, ನಂಬರ್ ಮಾತ್ರ ಉಳಿದಿರುತ್ತದೆ. ಆಗ ಕೈ ಹಿಡಿಯುವುದು ಅದೇ. ಇಲ್ಲಿ ಇರುವ ಅಪಾಯ ಅಂದರೆ ಅವಸರ. ನಿಮ್ಮ ಪದಕದ ಹೆಸರು ಇಂಗ್ಲೆಂಡಿನಲ್ಲಿ ತೀರಾ ಮಾಮೂಲಿ, ನಮ್ಮಲ್ಲಿ ಮಂಜುನಾಥ ಇದ್ದ ಹಾಗೆ. ಬರೀ ಹೆಸರು ಹೊಂದಿತು ಅಂತ ಯಾರೋ ಹಾಕಿದ ವಂಶವೃಕ್ಷ ನೋಡಿ ಒಪ್ಪಿಕೊಳ್ಳಬೇಡಿ. ಹೆಸರು, ದಳ, ಅಕ್ಷರ ಸಮೇತ ನಂಬರ್, ಮೂರೂ ಕೂಡಿ ಬರಬೇಕು.

ಅವನ ವಂಶದವರು ಸಿಕ್ಕಿ, ಪದಕ ಕಳಿಸಿಕೊಡಿ ಅಂದರೆ? ಮನಸ್ಸಾದರೆ ಕೊಡಿ, ಆದರೆ ಸುಮ್ನೆ ಕೊರಿಯರಿಗೆ ಹಾಕಬೇಡಿ. ನೂರು ವರ್ಷ ದಾಟಿದ, ಇತಿಹಾಸಕ್ಕೆ ಸಂಬಂಧಪಟ್ಟ ವಸ್ತುಗಳು ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರುತ್ತವೆ, ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. ಈ ಪದಕಗಳನ್ನು ಹಂಚಿದ್ದು ಯುದ್ಧ ಮುಗಿದ ಮೇಲಿನ ಕೆಲವು ವರ್ಷಗಳಲ್ಲಿ, ಅಂದರೆ ನೂರು ತುಂಬಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಬರೆದು ಉತ್ತರ ತೆಗೆದುಕೊಂಡು ಮುಂದುವರಿಯಿರಿ. ಹೊರದೇಶದ ಹರಾಜಿಗೆ ಹಾಕುವುದಾದರೂ ಇದೇ ಮಾತು. ಇಲ್ಲೇ ಮಾರುವುದಾದರೆ ಚೀಟಿಯ ಪ್ರತಿ ಜೊತೆಗಿಟ್ಟು ಮಾರಿ, ಆಗ ಯಾರೂ ಡುಪ್ಲಿಕೇಟ್ ಅಂತ ಬಾಯಿ ಮುಚ್ಚಿಸಲು ಆಗುವುದಿಲ್ಲ. ಇಂಥ ಬೆಳ್ಳಿ ಪದಕಗಳನ್ನು 60 ಲಕ್ಷಕ್ಕೂ ಜಾಸ್ತಿ ಕೊಟ್ಟಿದ್ದಾರೆ, ಹಾಗಾಗಿ ದೊಡ್ಡ ಮೊತ್ತ ಬರುತ್ತದೆ ಅಂತ ನಾನು ಆಸೆ ತೋರಿಸುವುದಿಲ್ಲ.

ಇಷ್ಟೆಲ್ಲಕ್ಕೂ ಮುಂಚೆ ಈ ವಾರ ಒಂದು ಕೆಲಸ ಮಾಡಿ. ಅಂಚಿನ ಬರಹವನ್ನು ಇದ್ದ ಹಾಗೆ ಒಂದು ಹಾಳೆಗೆ ಇಳಿಸಿ. ಅದರ ಕೆಳಗೆ ನಿಮ್ಮ ತಾಯಿಯವರನ್ನು ಕೂರಿಸಿಕೊಂಡು ಅಜ್ಜ ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ: ಗ್ಯಾರೇಜು ಯಾವ ರಸ್ತೆಯಲ್ಲಿತ್ತು, ದೊರೆಯನ್ನು ಅಜ್ಜ ಯಾವ ಹೆಸರಲ್ಲಿ ಕರೆಯುತ್ತಿದ್ದರು, ಅವನು ಊರು ಬಿಟ್ಟದ್ದು ಸ್ವಾತಂತ್ರ್ಯಕ್ಕೆ ಮುಂಚೆಯೋ ಆಮೇಲೋ. ಕ್ಯೂನ ಚೀಟಿ ಇನ್ನು ಹತ್ತು ವರ್ಷ ಬಿಟ್ಟು ತರಿಸಿದರೂ ಸಿಗುತ್ತದೆ. ಗ್ಯಾರೇಜಿನ ರಸ್ತೆ ನಿಮ್ಮ ತಾಯಿಗೆ ಮಾತ್ರ ಗೊತ್ತು.